ವಯಸ್ಸಾದ ನಾಯಿಗೆ ರಾತ್ರಿ ನೀರು ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಕರಿಯನಿಗೆ ಈಗ 12 ವರ್ಷ, ತೂಕ 38 ಕೆ.ಜಿ. ಆರು ತಿಂಗಳಿಂದ ಬೆಳಗ್ಗೆ ಏಳುವಾಗ ಹಿಂಗಾಲು ಎತ್ತಲು ಒದ್ದಾಡುತ್ತಾನೆ. ಹಾಲ್‌ನ ಟೈಲ್ಸ್ ಮೇಲೆ ಜಾರಿ, ಕಾಲು ಅಗಲಿಸಿಕೊಂಡು ಕೂತುಬಿಡುತ್ತಾನೆ. ಹೋದ ತಿಂಗಳು ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮನುಷ್ಯರ ನೋವಿನ ಮಾತ್ರೆ ಮೂರು ದಿನ ಕೊಟ್ಟೆವು. ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಎರಡೂ ಇರುವ ಮಾತ್ರೆ. ವಾಂತಿ ಶುರುವಾಯಿತು, ಮಲ ಟಾರಿನ ಹಾಗೆ ಕಪ್ಪಗಾಯಿತು. ಡಾಕ್ಟರ್ ಡ್ರಿಪ್ ಹಾಕಿ ಉಳಿಸಿದರು. ಆಗ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.6 ಇತ್ತು. "ಕಿಡ್ನಿ ಹೋಗಿದೆ, ವಯಸ್ಸಾಯ್ತು, ಇನ್ನೇನೂ ಮಾಡೋಕಾಗಲ್ಲ" ಅಂದರು. ಈಗ ನೀರು ತುಂಬಾ ಕುಡಿಯುತ್ತಾನೆ. ರಾತ್ರಿ ಎರಡು ಸಲ ಮನೆಯೊಳಗೇ ಉಚ್ಚೆ ಮಾಡಿ, ತಲೆ ತಗ್ಗಿಸಿಕೊಂಡು ಮೂಲೆಗೆ ಹೋಗುತ್ತಾನೆ. ಸಂಜೆ ಆರರ ಮೇಲೆ ನೀರು ಇಡಬೇಡ ಅಂತ ಅತ್ತೆ ಹೇಳಿದರು. ಎರಡು ವಾರದಿಂದ ಹಾಗೇ ಮಾಡುತ್ತಿದ್ದೇವೆ. ಕ್ಯಾಲ್ಸಿಯಂ ಟಾನಿಕ್, ಕಾಲು ಸೂಪ್ ಕೊಡಿ ಅಂತ ಒಬ್ಬರು, ಸುಮ್ನೆ ಇಂಜೆಕ್ಷನ್ ಹಾಕಿಸಿ ಮಲಗಿಸಿಬಿಡಿ ಅಂತ ಇನ್ನೊಬ್ಬರು. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಬಂದ ಮರಿ ಇವನು. ಅವಳೀಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ, ರಜೆಗೆ ಇನ್ನೂ ಎರಡು ತಿಂಗಳಿದೆ. ಕರಿಯ ಒಂದು ದಿನವೂ ಅತ್ತಿಲ್ಲ. ಅವನಿಗೆ ನೋವಿದೆಯಾ? ನಮ್ಮ ಸ್ವಾರ್ಥಕ್ಕೆ ಅವನನ್ನು ಇಟ್ಟುಕೊಂಡಿದ್ದೇವಾ?
— ಹಾಸನದ ಓದುಗರೊಬ್ಬರು

ಉತ್ತರ: ಮೊದಲು ಎದ್ದು ಹೋಗಿ ಕರಿಯನ ನೀರಿನ ಬಟ್ಟಲು ತುಂಬಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ನೋವಿದೆಯಾ, ಕಿಡ್ನಿ ನಿಜವಾಗಿ ಹೋಗಿದೆಯಾ, ಏನು ಕೊಡಬಹುದು, ಏನು ಕೊಡಬಾರದು, ಕೊನೆಗೆ ಇಟ್ಟುಕೊಂಡಿರುವುದು ಸರಿಯಾ ಅಂತ. ಎಲ್ಲದಕ್ಕೂ ಬರುತ್ತೇನೆ. ಆದರೆ ನೀರಿನ ವಿಷಯ ಇವತ್ತಿನ ರಾತ್ರಿಯದ್ದು, ಅದಕ್ಕೇ ಅದು ಮೊದಲು.

ಆರೋಗ್ಯವಾಗಿರುವ ಕಿಡ್ನಿ ಮೂತ್ರವನ್ನು ಗಟ್ಟಿ ಮಾಡಿ, ನೀರನ್ನು ವಾಪಸ್ ರಕ್ತಕ್ಕೆ ಕಳಿಸುತ್ತದೆ. ಕಿಡ್ನಿ ಸೋತಾಗ ಮೊದಲು ಕೈಬಿಡುವುದು ಈ ಕೆಲಸವನ್ನೇ. ಮೂತ್ರ ನೀರಿನ ಹಾಗೆ ತೆಳ್ಳಗೆ, ಬಣ್ಣವಿಲ್ಲದೆ ಹೋಗುತ್ತದೆ. ಹೀಗೆ ಕಳೆದುಕೊಂಡ ನೀರನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತದೆ. ಅಂದರೆ ಕರಿಯ ಕುಡಿಯುವುದರಿಂದ ಉಚ್ಚೆ ಜಾಸ್ತಿಯಾಗಿಲ್ಲ. ಉಚ್ಚೆ ಜಾಸ್ತಿ ಹೋಗುತ್ತಿರುವುದರಿಂದ ಕುಡಿಯುತ್ತಿದ್ದಾನೆ. ಬಟ್ಟಲು ತೆಗೆದಿಟ್ಟರೂ ಅವನ ಕಿಡ್ನಿ ನೀರನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗಿ, ಉಳಿದಿರುವ ಸ್ವಲ್ಪ ಭಾಗಕ್ಕೂ ಪೆಟ್ಟು ಬೀಳುತ್ತದೆ. ಸಂಜೆ ಆರರಿಂದ ಬೆಳಗ್ಗೆ ಆರು ಅಂದರೆ 12 ಗಂಟೆ. ಎರಡು ವಾರ ಇದು ನಡೆದಿದೆ. ನಿಮ್ಮನ್ನು ಬೇಜಾರು ಮಾಡಲು ಹೇಳುತ್ತಿಲ್ಲ. ನನ್ನ ಕ್ಲಿನಿಕ್‌ಗೆ ನಾಯಿ ತರುವ ಮನೆಗಳಲ್ಲಿ ಇದನ್ನು ಮಾಡಿದವರು ಬಹಳ ಜನ. ನೋಡಿದವರಿಗೆ ಯಾರಿಗಾದರೂ ಹಾಗೇ ಅನ್ನಿಸುತ್ತೆ.

ಅತ್ತೆಯವರ ಮಾತಿನಲ್ಲೂ ನ್ಯಾಯವಿದೆ. ಕತ್ತಲಲ್ಲಿ ಟೈಲ್ಸ್ ಮೇಲಿನ ಉಚ್ಚೆಗೆ ಕಾಲಿಟ್ಟು ಜಾರಿದರೆ ಅವರ ಸೊಂಟ ಮುರಿಯುತ್ತೆ. ಅದಕ್ಕೆ ಬೇರೆ ದಾರಿ ಮಾಡಿ. ರಾತ್ರಿ ಮಲಗುವ ಮುಂಚೆ 11 ಗಂಟೆಗೆ ಒಮ್ಮೆ ಹೊರಗೆ ಕರೆದುಕೊಂಡು ಹೋಗಿ. ಮೂರು ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ. ಮನೆಯವರು ಸರದಿ ಹಾಕಿಕೊಳ್ಳಿ. ಅವನ ಹಾಸಿಗೆಯನ್ನು ಎಲ್ಲರೂ ಓಡಾಡುವ ಜಾಗದಿಂದ ಹಿಂಬಾಗಿಲ ಹತ್ತಿರಕ್ಕೆ ತನ್ನಿ. ಹಾಸಿಗೆ ಹಿಡಿದ ರೋಗಿಗಳಿಗೆ ಹಾಸುವ ಅಂಡರ್‌ಪ್ಯಾಡ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಅದನ್ನು ಹಾಸಿ. ಒಂದು ಸಣ್ಣ ನೈಟ್ ಲ್ಯಾಂಪ್ ಉರಿಯುತ್ತಿರಲಿ. ಇನ್ನು ಅವನು ಮೂಲೆಗೆ ಹೋಗುತ್ತಾನೆ ಅಂದಿರಲ್ಲ, ಆಗ ಬೈಯಬೇಡಿ, ಮುಖ ಸಿಂಡರಿಸಲೂ ಬೇಡಿ. 12 ವರ್ಷ ಮನೆಯೊಳಗೆ ಮಾಡದವನು ತಡೆಯಲಾಗದೆ ಮಾಡುತ್ತಿದ್ದಾನೆ.

ಒಂದು ದಿನ ಅವನು ಎಷ್ಟು ಕುಡಿಯುತ್ತಾನೆ ಅಂತ ಲೀಟರ್ ಬಾಟಲಿಯಲ್ಲಿ ಅಳೆದು ಬರೆದಿಡಿ. ನಾಯಿಗೆ ಸಾಮಾನ್ಯವಾಗಿ ದಿನಕ್ಕೆ ಕೆ.ಜಿ.ಗೆ 50ರಿಂದ 60 ಮಿ.ಲೀ. ಸಾಕು. 100 ದಾಟಿದರೆ, ಅಂದರೆ ಕರಿಯನ ಲೆಕ್ಕಕ್ಕೆ 3.8 ಲೀಟರ್ ದಾಟಿದರೆ, ಅದು ಖಂಡಿತ ಕಾಯಿಲೆಯ ಬಾಯಾರಿಕೆ. ಸಕ್ಕರೆ ಕಾಯಿಲೆಯಲ್ಲೂ ಹೀಗೇ ಆಗುತ್ತದೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಶುಗರ್ ಕೂಡ ನೋಡಿಸಿ.

ಈಗ ನೋವಿನ ಪ್ರಶ್ನೆ. ಹೌದು, ಬಹುತೇಕ ಖಂಡಿತವಾಗಿ ಅವನಿಗೆ ನೋವಿದೆ.

ನಾಯಿ ಕುಯ್‌ಗುಟ್ಟುವುದು ತಟ್ಟನೆ ಬಂದ ನೋವಿಗೆ. ಬಾಗಿಲಿಗೆ ಬಾಲ ಸಿಕ್ಕಿದರೆ ಕೂಗುತ್ತದೆ. ತಿಂಗಳುಗಟ್ಟಲೆ ಇರುವ ಕೀಲು ನೋವಿಗೆ ಕೂಗುವುದಿಲ್ಲ. ಸುಮ್ಮನೆ ತನ್ನ ಬದುಕನ್ನು ಚಿಕ್ಕದು ಮಾಡಿಕೊಳ್ಳುತ್ತಾ ಹೋಗುತ್ತದೆ. ಮೊದಲು ಸೋಫಾ ಹತ್ತುವುದು ನಿಲ್ಲುತ್ತದೆ. ಆಮೇಲೆ ಗೇಟಿನವರೆಗೆ ಓಡಿ ಬರುವುದು. ಆಮೇಲೆ ನೀವು ಬಂದಾಗ ಎದ್ದು ಬರುವುದರ ಬದಲು ಮಲಗಿದಲ್ಲಿಂದಲೇ ಬಾಲ ಬಡಿಯುವುದು. ಮನೆಯವರು 'ಪಾಪ, ವಯಸ್ಸಾಯ್ತು, ಶಾಂತ ಆಗಿದ್ದಾನೆ' ಅಂದುಕೊಳ್ಳುತ್ತಾರೆ. ರಾತ್ರಿ ಸೆಕೆ ಇಲ್ಲದಿದ್ದರೂ ಏದುಸಿರು ಬಿಡುವುದು, ಮಲಗಲು ಮೂರು ನಾಲ್ಕು ಸುತ್ತು ಸುತ್ತುವುದು, ಒಂದೇ ಕೀಲನ್ನು ನೆಕ್ಕಿ ನೆಕ್ಕಿ ಕೂದಲು ಕೆಂಚಗಾಗುವುದು, ಇವೆಲ್ಲ ನೋವಿನ ಗುರುತು.

ವಯಸ್ಸಾದ ನಾಯಿಗಳನ್ನು ನಾನು ಮೇಜಿನ ಮೇಲೆ ಹತ್ತಿಸುವುದಿಲ್ಲ. ಕ್ಲಿನಿಕ್‌ನ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ ಅವುಗಳ ಜೊತೆ ಕೂರುತ್ತೇನೆ. ಮೊದಲು ನೋಡುವುದು ಹಿಂಗಾಲಿನ ಉಗುರುಗಳನ್ನು. ನೀವೂ ಇವತ್ತು ನೋಡಿ. ನಡುವಿನ ಎರಡು ಉಗುರುಗಳು ಮೇಲ್ಭಾಗದಲ್ಲಿ ಅರ ಹಾಕಿ ತಿಕ್ಕಿದ ಹಾಗೆ ಸವೆದಿವೆಯಾ? ನಡೆಯುವಾಗ ಸರ್ ಸರ್ ಅಂತ ಎಳೆಯುವ ಸದ್ದು ಬರುತ್ತದಾ? ಆಮೇಲೆ ಅವನನ್ನು ನಿಲ್ಲಿಸಿ, ಹೊಟ್ಟೆಗೆ ಒಂದು ಕೈ ಆಸರೆ ಕೊಟ್ಟು, ಒಂದು ಹಿಂಪಾದವನ್ನು ಮೆಲ್ಲಗೆ ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಡಿ. ನರ ಸರಿಯಿರುವ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದವನ್ನು ತಿರುಗಿಸಿ ನೆಟ್ಟಗೆ ಇಡುತ್ತದೆ. ಹಾಗೇ ಮಡಚಿದ ಪಾದದ ಮೇಲೆ ನಿಂತೇ ಇದ್ದರೆ ತೊಂದರೆ ಕೀಲಿನಲ್ಲಿ ಮಾತ್ರ ಇಲ್ಲ, ಬೆನ್ನುಹುರಿಯಲ್ಲೋ ಕಾಲಿನ ನರದಲ್ಲೋ ಕೂಡ ಇದೆ ಅಂತ ಅರ್ಥ. ಈ ವ್ಯತ್ಯಾಸ ಬಹಳ ದೊಡ್ಡದು. ಕೀಲಿನ ತೊಂದರೆಗೆ ನೋವಿನ ಔಷಧ ಕೊಟ್ಟರೆ ನಾಯಿ ಏಳುತ್ತದೆ. ನರ ಸೋತಿದ್ದರೆ ಎಷ್ಟು ನೋವಿನ ಮಾತ್ರೆ ಕೊಟ್ಟರೂ ಏಳುವುದಿಲ್ಲ. ಆಗ ಜನ ಡೋಸ್ ಏರಿಸುತ್ತಾ ಹೋಗುತ್ತಾರೆ.

ನೀವು ಬರೆದ ಹಾಗೆ ಬೆಳಗ್ಗೆ ಜಾಸ್ತಿ ಒದ್ದಾಟ ಅಂದರೆ ನನಗೆ ಮೊದಲು ಹೊಳೆಯುವುದು ಸೊಂಟದ ಕೀಲಿನ ಸವೆತ. ಲ್ಯಾಬ್ರಡಾರ್‌ಗಳಲ್ಲಿ ಎಷ್ಟೋ ಮರಿಗಳಿಗೆ ಬೆಳೆಯುವ ವಯಸ್ಸಿನಲ್ಲೇ ಸೊಂಟದ ಗುಂಡಿಯಲ್ಲಿ ಮೂಳೆ ಸಡಿಲವಾಗಿ ಕೂತಿರುತ್ತದೆ. ಹತ್ತು ವರ್ಷ ಅಲ್ಲಾಡಿ ಅಲ್ಲಾಡಿ ಮೆದುಮೂಳೆ ಸವೆಯುತ್ತದೆ. ಹಾಸನದ ಡಿಸೆಂಬರ್ ಚಳಿಗೆ ಇದು ಇನ್ನೂ ಬಿಗಿಯುತ್ತದೆ. ಇನ್ನೊಂದು ಮಾತು. ಅವನ ಬೊಗಳುವ ದನಿ ಈಚೆಗೆ ಒಡೆದಿದೆಯಾ, ಉಸಿರಾಡುವಾಗ ಗೊರಗೊರ ಸದ್ದು ಬರುತ್ತದಾ? ವಯಸ್ಸಾದ ಲ್ಯಾಬ್‌ಗಳಲ್ಲಿ ಗಂಟಲಿನ ನರ ಮತ್ತು ಹಿಂಗಾಲಿನ ನರ ಒಟ್ಟಿಗೆ ಸೋಲುವ ಒಂದು ಕಾಯಿಲೆ ಇದೆ. ಹಾಗಿದ್ದರೆ ಬಿಸಿಲಿಗೆ ಕರೆದುಕೊಂಡು ಹೋಗಲೇಬೇಡಿ, ಕುತ್ತಿಗೆಯ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಬಳಸಿ, ಡಾಕ್ಟರ್‌ಗೂ ಹೇಳಿ.

ಆ ಮೂರು ದಿನದ ಮಾತ್ರೆಯ ಬಗ್ಗೆ ಹೇಳಲೇಬೇಕು. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್ ಕೆಡುತ್ತದೆ. ಕಪ್ಪು ಮಲ ಅಂದರೆ ಹೊಟ್ಟೆಯೊಳಗೆ ರಕ್ತ ಸೋರಿ ಜೀರ್ಣವಾಗಿ ಹೋಗಿರುವುದು. ಇನ್ನು ಮುಂದೆ ಕಪ್ಪು ಮಲ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಅದಕ್ಕೆ ಕಾರಣ ರಣಹದ್ದುಗಳು. ಈ ಔಷಧ ಕೊಟ್ಟ ದನಗಳು ಸತ್ತಾಗ ಅವನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು, ದೇಶದಲ್ಲಿ ಅವುಗಳ ಸಂತತಿಯೇ ಬತ್ತಿತು. ಅಳಿದುಳಿದ ಕೆಲವಕ್ಕಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಆ ಬೆಟ್ಟದ ಕೆಳಗೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕ್ರಿಯಾಟಿನಿನ್ 2.6ಕ್ಕೆ ಬರೋಣ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಗೆ ಹಾಕಬೇಕಾದ ಕಸ, ಕಿಡ್ನಿ ಸೋತಷ್ಟೂ ಅದು ರಕ್ತದಲ್ಲಿ ಏರುತ್ತದೆ. ಡ್ರಿಪ್ ಹಾಕಿ ಅವನನ್ನು ಉಳಿಸಿದ್ದು ದೊಡ್ಡ ಕೆಲಸ, ಆ ಡಾಕ್ಟರ್‌ಗೆ ಅದರ ಶ್ರೇಯಸ್ಸು ಸಲ್ಲಬೇಕು. ಆದರೆ ಇನ್ನೇನೂ ಮಾಡೋಕಾಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾಯಿಗಳ ಕಿಡ್ನಿ ಕಾಯಿಲೆಯನ್ನು ನಾವು ನಾಲ್ಕು ಹಂತವಾಗಿ ನೋಡುತ್ತೇವೆ. ಕ್ರಿಯಾಟಿನಿನ್ 1.4ರಿಂದ 2.8ರವರೆಗೆ ಎರಡನೇ ಹಂತ. 5 ದಾಟಿದರೆ ನಾಲ್ಕನೆಯದು. ಕರಿಯ ಎರಡರಲ್ಲಿದ್ದಾನೆ. ಅದೂ ವಾಂತಿಯಾಗಿ, ಮೈ ಒಣಗಿದ್ದಾಗ, ಮಾತ್ರೆಯ ಪೆಟ್ಟು ಹಸಿಯಾಗಿದ್ದಾಗ ತೆಗೆದ ರಕ್ತ ಅದು. ಹಂತ ನಿರ್ಧರಿಸಲು ನಾಯಿ ಚೆನ್ನಾಗಿ ನೀರು ಕುಡಿದು, ತಿಂದುಕೊಂಡಿರುವಾಗ ಎರಡು ಸಲ ನೋಡಬೇಕು. ನೀರು ಕೊಡಲು ಶುರು ಮಾಡಿ ಹತ್ತು ದಿನ ಬಿಟ್ಟು ಮತ್ತೆ ಮಾಡಿಸಿ. ಅಷ್ಟರಲ್ಲಿ ವಾಂತಿ ಮಾಡಿದರೆ ಅಥವಾ ತಿನ್ನುವುದು ಬಿಟ್ಟರೆ ಹತ್ತು ದಿನ ಕಾಯಬೇಡಿ, ಅವತ್ತೇ ತೋರಿಸಿ.

ಹಾಗಂತ ಇದು ಸಣ್ಣ ವಿಷಯವೂ ಅಲ್ಲ. ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆಯೇ ಕ್ರಿಯಾಟಿನಿನ್ ಏರಲು ಶುರುವಾಗುವುದು. ಹೋದದ್ದು ವಾಪಸ್ ಬರುವುದಿಲ್ಲ. ನಮ್ಮ ಕೆಲಸವೆಲ್ಲ ಉಳಿದ ಕಾಲು ಪಾಲನ್ನು ಕಾಯುವುದು. ಎರಡನೇ ಹಂತದಲ್ಲಿ ಸಿಕ್ಕ ನಾಯಿಗಳು ಸರಿಯಾದ ಆರೈಕೆಯಲ್ಲಿ ವರ್ಷ ದಾಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ರಕ್ತದ ಜೊತೆಗೆ ಮೂತ್ರ ಪರೀಕ್ಷೆ ಬೇಕೇ ಬೇಕು. ಮೂತ್ರ ಎಷ್ಟು ತೆಳ್ಳಗಿದೆ, ಅದರಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ಗೊತ್ತಾಗುವುದು ಅದರಿಂದಲೇ. ಹಿಡಿಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಉದ್ದ ಹಿಡಿಯ ಸಾರಿನ ಸೌಟು ಒಂದನ್ನು ತೊಳೆದು ಒಣಗಿಸಿ ಇದಕ್ಕೇ ಇಟ್ಟುಬಿಡಿ. ಬೆಳಗ್ಗೆ ಅವನು ಕಾಲೆತ್ತಿದಾಗ ಹಿಂದಿನಿಂದ ಮೆಲ್ಲಗೆ ಸೌಟು ಚಾಚಿ, ಸ್ವಲ್ಪ ಹೋಗಲು ಬಿಟ್ಟು ಮಧ್ಯದ್ದನ್ನು ಹಿಡಿಯಿರಿ. ಸ್ವಚ್ಛ ಡಬ್ಬಿಗೆ ಸುರಿದು ಎರಡು ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಿಸಿ. ಪ್ರೋಟೀನ್ ಸೋರುತ್ತಿದ್ದರೆ ಅದಕ್ಕೆ ಬೇರೆ ಮಾತ್ರೆಗಳಿವೆ. ಬಿಪಿ ಕೂಡ ನೋಡಿಸಬೇಕು. ಕಿಡ್ನಿ ಕಾಯಿಲೆಯ ನಾಯಿಗಳಿಗೆ ಬಿಪಿ ಏರಿ ತಟ್ಟನೆ ಕಣ್ಣು ಕಾಣದಂತಾಗುವುದುಂಟು.

ನಮ್ಮ ಕಡೆಯ ನಾಯಿಗಳಲ್ಲಿ ನಾನು ತಪ್ಪದೆ ನೋಡುವ ಇನ್ನೊಂದು ಕಾಯಿಲೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ ಬರುವ ಟಿಕ್ ಫೀವರ್. ಹಾಸನದ ಸುತ್ತಮುತ್ತ ಉಣ್ಣೆಗೆ ಕೊರತೆಯಿಲ್ಲ. ಎರ್ಲಿಕಿಯಾ ಅನ್ನುವ ಸೂಕ್ಷ್ಮಜೀವಿ ಜ್ವರ ಬಂದು ಹೋದ ಮೇಲೂ ಮೈಯಲ್ಲಿ ತಿಂಗಳು, ವರ್ಷಗಟ್ಟಲೆ ಉಳಿಯಬಲ್ಲದು. ಕಿಡ್ನಿಯಿಂದ ಪ್ರೋಟೀನ್ ಸೋರಿಸುತ್ತದೆ, ಕೀಲು ನೋವನ್ನೂ ತರುತ್ತದೆ. ಅಂದರೆ ಕರಿಯನ ಎರಡೂ ತೊಂದರೆಗಳ ಹಿಂದೆ ಇದರ ಪಾಲು ಇರಬಹುದು. ಹಳೆಯ ಸೋಂಕು ಸಾಮಾನ್ಯ ರಕ್ತದ ಸ್ಲೈಡಿನಲ್ಲಿ ಸಿಗುವುದು ಕಷ್ಟ, ಕಿಟ್ ಟೆಸ್ಟ್ ಮಾಡಿಸಿ. ಪ್ಲೇಟ್‌ಲೆಟ್ ಸಂಖ್ಯೆ ನೋಡಿ. ಇದೇ ಅಂತಾದರೆ ಡಾಕ್ಸಿಸೈಕ್ಲಿನ್ 28 ದಿನದ ಕೋರ್ಸ್ ಇದೆ. ಚೇತರಿಸಿಕೊಂಡ ಅಂತ ಹತ್ತನೇ ದಿನಕ್ಕೆ ನಿಲ್ಲಿಸಬಾರದು.

ಔಷಧದಲ್ಲಿ ನಿಮ್ಮ ಮುಂದೆ ಏನೇನಿದೆ? ಕಿಡ್ನಿ ಸೋತ ನಾಯಿಗೆ ನಾನು ಸಾಮಾನ್ಯವಾಗಿ ಶುರು ಮಾಡುವುದು ಗ್ಯಾಬಾಪೆಂಟಿನ್‌ನಿಂದ. ಇದು ನರದ ಮಟ್ಟದಲ್ಲಿ ನೋವನ್ನು ಇಳಿಸುತ್ತದೆ, ಹೊಟ್ಟೆಗೆ ಹುಣ್ಣು ಮಾಡುವುದಿಲ್ಲ. ಆದರೆ ಇದು ಮೈಯಿಂದ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕ. ಹಾಗಾಗಿ ಡೋಸ್ ಕಡಿಮೆ ಇರಬೇಕು, ನಿಧಾನವಾಗಿ ಏರಿಸಬೇಕು. ಮೊದಲ ಎರಡು ಮೂರು ದಿನ ನಿದ್ದೆ ಜಾಸ್ತಿ, ನಡಿಗೆ ತೂರಾಡುತ್ತದೆ. ಗಾಬರಿಯಾಗಿ ಬಿಟ್ಟುಬಿಡಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಇದು ಮನುಷ್ಯರದ್ದೇ ಔಷಧ. ಕ್ಯಾಪ್ಸೂಲೇ ತನ್ನಿ, ಸಿರಪ್ ಬೇಡ. ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ನಾಯಿಗೆ ವಿಷ.

ನಾಯಿಗಳಿಗೆಂದೇ ಬರುವ ಮೆಲೋಕ್ಸಿಕಾಮ್‌ನಂಥ ಔಷಧ ಕೀಲು ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕರಿಯನಿಗೆ ಈಗಲೇ ಬೇಡ. ಹೊಟ್ಟೆಯ ಹುಣ್ಣು ಮಾಯಬೇಕು, ಕ್ರಿಯಾಟಿನಿನ್ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಆಮೇಲೂ ನೋವು ಹಿಡಿತಕ್ಕೆ ಬರದಿದ್ದರೆ, ಅತೀ ಕಡಿಮೆ ಡೋಸಿನಲ್ಲಿ, ಎರಡು ವಾರಕ್ಕೆ ರಕ್ತ ನೋಡುತ್ತಾ ಕೊಡುವ ಬಗ್ಗೆ ನಿಮ್ಮ ಡಾಕ್ಟರ್ ಜೊತೆ ಮಾತಾಡಬಹುದು. ಅಪಾಯ ಇದೆ, ಮುಚ್ಚಿಡುವುದಿಲ್ಲ. ಕೆಲವು ಮನೆಯವರು ಎಲ್ಲ ತಿಳಿದುಕೊಂಡೇ 'ಎರಡು ತಿಂಗಳು ಕಡಿಮೆಯಾದರೂ ಪರವಾಗಿಲ್ಲ, ನೋವಿಲ್ಲದೆ ನಡೆಯಲಿ' ಅಂತ ಇದನ್ನು ಆರಿಸಿಕೊಳ್ಳುತ್ತಾರೆ. ಅದು ತಪ್ಪಲ್ಲ. ಕೊಟ್ಟಾಗ ವಾಂತಿ, ಕಪ್ಪು ಮಲ, ಊಟ ಬಿಡುವುದು, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಸ್ಟೀರಾಯ್ಡ್ ಬಗ್ಗೆ ಎಚ್ಚರ. 'ಒಂದು ಇಂಜೆಕ್ಷನ್ ಕೊಟ್ರೆ ಎದ್ದು ಓಡಾಡ್ತಾನೆ' ಅಂತ ಯಾರಾದರೂ ಹೇಳಬಹುದು. ಓಡಾಡುತ್ತಾನೆ ಕೂಡ, ಒಂದು ವಾರ. ನಾನು ವೃತ್ತಿಗೆ ಬಂದ ಹೊಸತರಲ್ಲಿ ಒಂದು ವಯಸ್ಸಾದ ಜರ್ಮನ್ ಶೆಫರ್ಡ್‌ಗೆ ಹೀಗೇ ಮತ್ತೆ ಮತ್ತೆ ಕೊಟ್ಟೆ. ಪ್ರತಿ ಸಲವೂ ಎದ್ದಿತು. ಎರಡು ತಿಂಗಳಲ್ಲಿ ಹಿಂದೊಡೆಯ ಮಾಂಸ ಕರಗಿ ಚರ್ಮ ಜೋತುಬಿತ್ತು. ಆಮೇಲೆ ಯಾವ ಇಂಜೆಕ್ಷನ್‌ಗೂ ಏಳಲಿಲ್ಲ. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದನ್ನು ನಾನು ಮರೆತಿಲ್ಲ. ಸ್ಟೀರಾಯ್ಡ್‌ನಿಂದ ಬಾಯಾರಿಕೆ, ಉಚ್ಚೆ ಎರಡೂ ಇನ್ನೂ ಜಾಸ್ತಿಯಾಗುತ್ತವೆ. ನೋವಿನ ಮಾತ್ರೆಯ ಜೊತೆಗೆ ಸೇರಿದರೆ ಹೊಟ್ಟೆಯಲ್ಲಿ ತೂತೇ ಬೀಳಬಹುದು.

ಕ್ಯಾಲ್ಸಿಯಂ ಟಾನಿಕ್ ಬೇಡ. ಅವನ ಮೂಳೆ ಗಟ್ಟಿಯಾಗಿಯೇ ಇದೆ, ಸವೆದಿರುವುದು ಕೀಲಿನ ಮೆದುಮೂಳೆ. ಇಂಥ ಟಾನಿಕ್‌ಗಳಲ್ಲಿ ಹೆಚ್ಚಿನವುಗಳಲ್ಲಿ ರಂಜಕವೂ (ಫಾಸ್ಫರಸ್) ಇರುತ್ತದೆ. ಕಿಡ್ನಿ ಕಾಯಿಲೆಯಲ್ಲಿ ನಾವು ಕಡಿಮೆ ಮಾಡಬೇಕಾದದ್ದೇ ರಂಜಕ. ಕಾಲು ಸೂಪ್‌ಗೆ ಬೀಳುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅದೂ ಬೇಡ. ಮೀನೆಣ್ಣೆ ಮಾತ್ರ ಕೊಡಬಹುದು, ಒಮೆಗಾ 3 ಕೀಲಿಗೂ ಒಳ್ಳೆಯದು, ಕಿಡ್ನಿಗೂ ಒಳ್ಳೆಯದು. ಆದರೆ ಕಾಡ್ ಲಿವರ್ ಆಯಿಲ್ ಬೇರೆ. ಅದರಲ್ಲಿ ವಿಟಮಿನ್ ಎ, ಡಿ ಜಾಸ್ತಿ. ಡಬ್ಬಿ ಓದಿ ತನ್ನಿ. ಗ್ಲುಕೋಸಮಿನ್‌ನಿಂದ ದೊಡ್ಡ ಹಾನಿಯಿಲ್ಲ, ದೊಡ್ಡ ಲಾಭವನ್ನೂ ನಾನು ಕಂಡಿಲ್ಲ.

ಊಟದ ವಿಷಯದಲ್ಲಿ ಎಲ್ಲಕ್ಕಿಂತ ಮೊದಲನೆಯದು ಅವನು ತಿನ್ನಬೇಕು ಅನ್ನುವುದು. ಕಿಡ್ನಿ ಕಾಯಿಲೆಗೆಂದು ತಯಾರಾದ ಆಹಾರ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಕೊಳ್ಳಲು ಆಗುವವರಿಗೆ ಅದೇ ಒಳ್ಳೆಯದು. ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿ ಎರಡು ವಾರದಲ್ಲಿ ಬದಲಾಯಿಸಿ. ಮನೆ ಊಟವೇ ಅಂದರೆ ರಾಗಿ ಮುದ್ದೆಗಿಂತ ಬಿಳಿ ಅನ್ನ ವಾಸಿ, ಅದರಲ್ಲಿ ರಂಜಕ ಕಡಿಮೆ. ಅದಕ್ಕೆ ಬೇಯಿಸಿದ ಮೊಟ್ಟೆಯ ಬಿಳಿ, ಮೂಳೆಯಿಲ್ಲದ ಸ್ವಲ್ಪ ಕೋಳಿ, ಸೋರೆಕಾಯಿ. ಉಪ್ಪು ಬೇಡ. ಮೂಳೆ, ಲಿವರ್, ಒಣಮೀನು, ಲೋಟಗಟ್ಟಲೆ ಹಾಲು ನಿಲ್ಲಿಸಿ. ಮಾಂಸವನ್ನೇ ಪೂರ್ತಿ ಬಿಡಿಸಿ ಬರೀ ಅನ್ನ ಮಜ್ಜಿಗೆಗೆ ಇಳಿಸುವುದು ತಪ್ಪು. ಪ್ರೋಟೀನ್ ಸಿಗದಿದ್ದರೆ ಈಗಾಗಲೇ ಸೊರಗಿರುವ ಹಿಂಗಾಲು ಇನ್ನೂ ಸೊರಗುತ್ತದೆ. ಮನೆ ಊಟ ಒಂದರಲ್ಲೇ ಎಲ್ಲ ಪೋಷಕಾಂಶ ಸಿಗುವುದಿಲ್ಲ, ಏನು ಸೇರಿಸಬೇಕು ಅಂತ ಡಾಕ್ಟರ್ ಬರೆದುಕೊಡಲಿ.

38 ಕೆ.ಜಿ. ಅವನಿಗೆ ಸ್ವಲ್ಪ ಜಾಸ್ತಿ ಇರಬಹುದು. ಗಂಡು ಲ್ಯಾಬ್‌ಗೆ ಸಾಮಾನ್ಯವಾಗಿ 29ರಿಂದ 36. ತೂಕ ಕೀಲಿಗೆ ಎಷ್ಟು ಹೊರೆ ಅನ್ನುವುದಕ್ಕೆ ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನವಿದೆ, 2002ರಲ್ಲಿ ಪ್ರಕಟವಾಯಿತು. ಅರ್ಧ ನಾಯಿಗಳಿಗೆ ಉಳಿದರ್ಧಕ್ಕಿಂತ ಶೇ. 25ರಷ್ಟು ಕಡಿಮೆ ಊಟ. ಅವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲು ನೋವೂ ತಡವಾಗಿ ಬಂತು. ಮನೆಯಲ್ಲಿ ಮರಿ ಇರುವ ಓದುಗರು ಇದನ್ನು ನೆನಪಿಡಿ. ಕರಿಯನಿಗೆ ಈಗ ಕಟ್ಟುನಿಟ್ಟಿನ ಡಯಟ್ ಬೇಡ. ಬಿಸ್ಕತ್ತು, ಬನ್ನು ಬಿಟ್ಟರೆ ಸಾಕು. ಅವನ ತೂಕ ತಾನಾಗೇ ಬೇಗ ಬೇಗ ಇಳಿದರೆ ಖುಷಿಪಡಬೇಡಿ, ತೋರಿಸಿ.

ಔಷಧಕ್ಕಿಂತ ಬೇಗ ಫಲ ಕೊಡುವುದು ನೆಲ. ಆ ಟೈಲ್ಸ್ ಅವನ ದೊಡ್ಡ ಶತ್ರು. ಒಂದು ಸಲ ಜಾರಿದರೆ ಸೊಂಟದ ಮಾಂಸಖಂಡ ಹಿಡಿದುಕೊಂಡು ವಾರ ನೋಯುತ್ತದೆ. ಹಾಸಿಗೆಯಿಂದ ನೀರಿಗೆ, ನೀರಿನಿಂದ ಬಾಗಿಲಿಗೆ ಒಂದು ದಾರಿ ಮಾಡಿ. ಯೋಗ ಮ್ಯಾಟ್ ಅಥವಾ ಅಡಿಯಲ್ಲಿ ರಬ್ಬರ್ ಇರುವ ಕಾಲೊರೆಸು ಸಾಲಾಗಿ ಹಾಸಿ. ಬರೀ ಗೋಣಿಚೀಲ ಹಾಸಿದರೆ ಅದೇ ಜಾರುತ್ತದೆ. ಪಾದದ ಬೆರಳ ಸಂದಿಯ ಕೂದಲು, ಉಗುರು ಕತ್ತರಿಸಿ. ನೀರು ಮತ್ತು ಊಟದ ಬಟ್ಟಲನ್ನು ಅರ್ಧ ಅಡಿ ಎತ್ತರದ ಮಣೆಯ ಮೇಲಿಡಿ.

ಏಳಿಸಲು ಮುಂಗಾಲು ಹಿಡಿದು ಎಳೆಯಬೇಡಿ. ಹಳೆಯ ಬಾತ್ ಟವೆಲ್ ಉದ್ದಕ್ಕೆ ಮಡಚಿ, ಹೊಟ್ಟೆಯ ಕೆಳಗೆ ಹಿಂಗಾಲಿನ ಮುಂದೆ ಹಾಯಿಸಿ, ಎರಡೂ ತುದಿ ಬೆನ್ನ ಮೇಲೆ ಸೇರಿಸಿ ಹಿಡಿಯಿರಿ. ಅವನು ಏಳಲು ನೋಡಿದಾಗ ಬರೀ ಅರ್ಧ ಭಾರ ನೀವು ಹೊರಿ, ಉಳಿದದ್ದು ಅವನೇ ಮಾಡಲಿ. ಗಂಡು ನಾಯಿ, ಉಚ್ಚೆ ಮಾಡುವಾಗ ಟವೆಲ್ ಸಡಿಲ ಬಿಡಿ. ಬೆಳಗ್ಗೆ ಏಳುವ ಹತ್ತು ನಿಮಿಷ ಮುಂಚೆ, ಬಾಣಲೆಯಲ್ಲಿ ಬಿಸಿ ಮಾಡಿದ ಉಪ್ಪನ್ನು ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಕಾವು ಕೊಡಿ. ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ. ನಿಮಗೆ ಹಿತವಾದರೆ ಅವನಿಗೂ ಹಿತ. ನಡಿಗೆ ಒಂದೇ ಸಲ ಅರ್ಧ ಗಂಟೆ ಬೇಡ. ಏಳೆಂಟು ನಿಮಿಷದಂತೆ ದಿನಕ್ಕೆ ನಾಲ್ಕು ಸಲ, ಮಣ್ಣಿನ ನೆಲದ ಮೇಲೆ, ಅವನ ವೇಗಕ್ಕೆ. ಪೂರ್ತಿ ಮಲಗಿಸಿಬಿಟ್ಟರೆ ಕೀಲು ಬಿಗಿಯುತ್ತದೆ, ಮಾಂಸ ಕರಗುತ್ತದೆ.

ಹಾಸಿಗೆ ನಾಲ್ಕು ಇಂಚು ದಪ್ಪದ ಫೋಮ್ ಇರಲಿ, ಮೇಲೆ ರೆಕ್ಸಿನ್, ಅದರ ಮೇಲೆ ಹತ್ತಿಯ ಸೀರೆ. ಹಳೆಯ ಹತ್ತಿ ಸೀರೆಯಷ್ಟು ಮೆತ್ತಗಿನದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೊಣಕೈ, ಸೊಂಟದ ಮೂಳೆಯ ಮೇಲಿನ ಚರ್ಮವನ್ನು ದಿನಾ ಮುಟ್ಟಿ ನೋಡಿ, ಕೆಂಪಗಾದರೆ ಹಾಸಿಗೆ ಹುಣ್ಣಿನ ಶುರು. ಮೈ ಒದ್ದೆಯಾದರೆ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಒಣಗಿಸಿ. ಮಕ್ಕಳ ಡಯಾಪರ್ ಕ್ರೀಮ್ ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಸತುವನ್ನು ನಾಯಿ ನೆಕ್ಕಿದರೆ ಹಾನಿ.

ಮುಂದೆ ಕ್ರಿಯಾಟಿನಿನ್ ಏರಿದರೆ ಚರ್ಮದ ಕೆಳಗೆ ಡ್ರಿಪ್ ನೀರು ಕೊಡುವುದನ್ನು ನಿಮಗೇ ಕಲಿಸಬಹುದು. ಸೂಜಿ ಅಂದರೆ ಹೆದರುತ್ತಿದ್ದ ಅಜ್ಜಿಯರೂ ಎರಡನೇ ವಾರಕ್ಕೆ ಸಲೀಸಾಗಿ ಮಾಡಿದ್ದಾರೆ. ಸೊಂಟದ ಆಪರೇಷನ್ ಈ ವಯಸ್ಸಿಗೆ, ಈ ಕಿಡ್ನಿಗೆ ನಾನು ಹೇಳುವುದಿಲ್ಲ. ಹಿಂಗಾಲಿಗೆ ಆಸರೆಯಾಗಿ ಕಟ್ಟುವ ಚಕ್ರದ ಗಾಡಿ, ಮುಂಗಾಲು ಗಟ್ಟಿಯಿದ್ದು, ನೋವು ಹಿಡಿತದಲ್ಲಿದ್ದರೆ ಮಾತ್ರ. ಪರೀಕ್ಷೆಗಳಿಗೆ ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿನ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ. ಬೇರೆ ಕಡೆಯ ಓದುಗರಿಗೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್‌ನಲ್ಲೂ ಇವೆ. ಹೋಗುವಾಗ ಅವನು ಬೆಳಗ್ಗೆ ಏಳುವ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಹೆದರಿಕೆಗೆ ನಾಯಿಗಳು ಚೆನ್ನಾಗಿಯೇ ನಡೆದು ತೋರಿಸುತ್ತವೆ.

ನೀವು ಕೊನೆಗೆ ಕೇಳಿದ್ದು ಸ್ವಾರ್ಥದ ಬಗ್ಗೆ. ಈಗಿನ ಸ್ಥಿತಿಯಲ್ಲಿ ಅವನನ್ನು ಇಟ್ಟುಕೊಂಡಿರುವುದು ಸ್ವಾರ್ಥವಲ್ಲ. ಅವನ ನೋವಿಗೆ ಇನ್ನೂ ಸರಿಯಾದ ಔಷಧವನ್ನೇ ಕೊಟ್ಟು ನೋಡಿಲ್ಲ, ನೀರನ್ನೂ ಕೊಟ್ಟಿಲ್ಲ. ಅದಕ್ಕೆ ಮುಂಚೆ ಮಲಗಿಸುವ ಮಾತು ಬೇಡ.

ಆದರೆ ಆ ದಿನ ಬರಬಹುದು, ಬಂದಾಗ ಗುರುತಿಸಲು ಗೊತ್ತಿರಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ ಒಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯಾ, ಹೀಗೆ ಏಳಕ್ಕೂ ಹತ್ತರಲ್ಲಿ ಅಂಕ. ಒಟ್ಟು 70ರಲ್ಲಿ 35ಕ್ಕಿಂತ ಮೇಲಿದ್ದರೆ ಮುಂದುವರಿಸಬಹುದು. ವಾರಕ್ಕೊಮ್ಮೆ ನೀವು, ಯಜಮಾನರು, ಅತ್ತೆ ಬೇರೆ ಬೇರೆಯಾಗಿ ಅಂಕ ಹಾಕಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಳ್ಳೆಯ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಇನ್ನೊಂದು ಹಾಕುತ್ತಾ ಹೋಗಿ. ವಾಂತಿಗೆ ಔಷಧ ಕೊಟ್ಟರೂ ಇಷ್ಟದ ತಿಂಡಿಯನ್ನೂ ಎರಡು ದಿನ ಮೂಸದಿರುವುದು, ಬಾಯಲ್ಲಿ ಹುಣ್ಣಾಗಿ ಉಚ್ಚೆ ವಾಸನೆ ಬರುವುದು, ತನ್ನ ಒದ್ದೆಯಲ್ಲೇ ಮಲಗಿರುವುದು, ಗೇಟಿನ ಸದ್ದಿಗೂ ತಲೆ ಎತ್ತದಿರುವುದು. ಇವು ನಾಲ್ಕಾರು ದಿನ ಮುಂದುವರಿದರೆ ನನಗೆ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ.

ಆಗ ದಯಾಮರಣ ಕೊಡಿಸುವುದು ಕೊಲ್ಲುವುದಲ್ಲ ಅಂತ ನಾನು ನಂಬುತ್ತೇನೆ. ಪಾಪ ಅಂತ ನಂಬುವ ಮನೆಗಳೂ ಇವೆ. ಅವರ ನಾಯಿಗೆ ಕೊನೆಯವರೆಗೂ ನೋವಿಲ್ಲದ ಹಾಗೆ ನೋಡಿಕೊಳ್ಳುವುದೂ ನನ್ನ ಕೆಲಸವೇ. ಕೊಡಿಸುವುದಾದರೆ ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ಅವನು ಪೂರ್ತಿ ಮಲಗಿದ ಮೇಲೆಯೇ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡಬೇಕು. ಹಾಗೇ ಮಾಡುತ್ತೀರಾ ಅಂತ ಮುಂಚೆಯೇ ಕೇಳಿ. ಕಣ್ಣು ತೆರೆದೇ ಇರುತ್ತದೆ. ಹೃದಯ ನಿಂತ ಮೇಲೂ ಒಂದೆರಡು ದೊಡ್ಡ ಉಸಿರು ಬರಬಹುದು. ಅದು ಅವನಿಗೆ ಗೊತ್ತಾಗುವುದಿಲ್ಲ. ಮೊದಲೇ ತಿಳಿದಿದ್ದರೆ ನೀವು ಬೆಚ್ಚಿಬೀಳುವುದಿಲ್ಲ.

ಮಗಳ ರಜೆಗೆ ಕಾಯಬೇಡಿ. ಈಗ ಕರಿಯ ಅವಳ ದನಿ ಕೇಳಿದರೆ ಬಾಲ ಆಡಿಸುತ್ತಾನೆ, ಕೈಯಿಂದ ತಿನ್ನುತ್ತಾನೆ. ಎರಡು ತಿಂಗಳ ನಂತರದ ಕರಿಯ ಹೇಗಿರುತ್ತಾನೆ ಅಂತ ನಾನು ಮಾತು ಕೊಡಲಾರೆ. ಮಂಗಳೂರಿನಿಂದ ಹಾಸನಕ್ಕೆ ಒಂದು ರಾತ್ರಿ ಬಸ್ಸಿನಷ್ಟು ದೂರ. ಈ ಶನಿವಾರವೇ ಬಂದು ಹೋಗಲು ಹೇಳಿ, ರಜೆಗೆ ಮತ್ತೆ ಬರಲಿ. ಬಂದಾಗ ಟವೆಲ್ ಹಿಡಿದು ಏಳಿಸುವುದನ್ನು ಅವಳಿಗೂ ಕಲಿಸಿ. ಆ ಎರಡು ರಾತ್ರಿ ಮೂರು ಗಂಟೆಯ ಅಲಾರಂ ಅವಳ ಸರದಿಗೆ ಇರಲಿ.